ಓಬೆಡ್ ಟರ್ನಿಯ ಕತ್ತಿಗೆ ಸಿಕ್ಕ ಚುನಾವಣೆ

ಈಗ ನಮ್ಮ ಸಾರೆಲ್ ಬೆಂಡ್ ಊರಿನ ಗಂಡಸರು ಮನೆಯಲ್ಲೇ ಗಡ್ಡ ಹೆರೆದುಕೊಳ್ಳುತ್ತಾರೆ. ಅಂಚೆಯಲ್ಲಿ ತರಿಸಿದ ಹೊಸ ನಮೂನೆಯ ಕತ್ತಿ, ಗೋಡೆಗೊಂದು ಕನ್ನಡಿ. ಎದುರಿಗೆ ಮಾತಾಡಲು ಒಂದು ನರಪಿಳ್ಳೆಯೂ ಇಲ್ಲ. ಹೀಗೆ ಬಾಯಿ ಮುಚ್ಚಿಕೊಂಡು ಕ್ಷೌರ ಮುಗಿಸುವವರಿಗೆ ಊರಿನ ಸುದ್ದಿ ಎಲ್ಲಿಂದ ಸಿಗುತ್ತದೋ ನನಗೆ ತಿಳಿಯದು. ನಮ್ಮ ಕಾಲದಲ್ಲಿ ಓಬೆಡ್ ಟರ್ನಿಯ ಕುರ್ಚಿಯಲ್ಲಿ ಒಮ್ಮೆ ಒರಗಿ ಎದ್ದರೆ ಸಾಕಾಗಿತ್ತು. ಯಾರ ಹಸು ಈದಿದೆ, ಯಾರ ಹೆಂಡತಿ ತವರಿಗೆ ಹೊರಟಿದ್ದಾಳೆ, ಯಾರ ಕುದುರೆ ಯಾರ ಲಾಯದಲ್ಲಿದೆ, ಎಲ್ಲವೂ ನೊರೆಯ ಜೊತೆಗೇ ಮುಖಕ್ಕೆ ಹತ್ತುತ್ತಿತ್ತು.

ನಾನು ಆಗಷ್ಟೇ ಊರಿಗೆ ಬಂದು, ಅವನ ಅಂಗಡಿಯ ಎದುರಿಗೆ ಹುಲ್ಲು, ಓಟ್ಸ್ ಮಾರುವ ಮೇವಿನ ಅಂಗಡಿ ಇಟ್ಟಿದ್ದೆ. ನನಗೆ ಕ್ಷೌರದ ಅಗತ್ಯವಿತ್ತೆಂದು ಹೇಳಲಾರೆ. ನನ್ನ ಗಡ್ಡವೆಂದರೆ ಕುರಿ ಮೇಯ್ದು ಬಿಟ್ಟ ಹುಲ್ಲುಗಾವಲು, ಅಲ್ಲೊಂದು ಎಸಳು, ಇಲ್ಲೊಂದು ಎಸಳು. ಆದರೂ ಶನಿವಾರ ತಪ್ಪಿಸುತ್ತಿರಲಿಲ್ಲ. ಅವನ ಗೋಡೆಯ ಹಲಗೆಯ ಮೇಲೆ ಗಿರಾಕಿಗಳ ನೊರೆಬಟ್ಟಲುಗಳು ಸಾಲಾಗಿ ಇರುತ್ತಿದ್ದವು, ಒಂದೊಂದರ ಮೇಲೂ ಒಬ್ಬೊಬ್ಬರ ಹೆಸರು. ಆ ಹಲಗೆಯ ಮೇಲೆ ಬಟ್ಟಲಿದ್ದವನು ಊರಿನವನು, ಇಲ್ಲದವನು ದಾರಿಹೋಕ. ನನ್ನ ಹೆಸರನ್ನು ಓಬೆಡ್ ಚಿನ್ನದ ಬಣ್ಣದಲ್ಲಿ ಬರೆಸಿ ಇಟ್ಟ ದಿನ ನನಗೆ ಮದುವೆಯ ದಿನಕ್ಕಿಂತ ಹೆಚ್ಚು ಸಂತೋಷವಾಗಿತ್ತು. ಇದನ್ನು ನನ್ನ ಹೆಂಡತಿ ಓದುವುದಿಲ್ಲವೆಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಓಬೆಡ್ ಕುಳ್ಳ ಮನುಷ್ಯ, ತಲೆ ನುಣ್ಣಗೆ ಬೋಳು. ದನಿ ಎತ್ತಿ ಮಾತಾಡಿದ್ದನ್ನು ಯಾರೂ ಕೇಳಿದವರಿಲ್ಲ. "ನಾನು ಪುಕ್ಕಲ ಕಣಯ್ಯಾ," ಎಂದು ಅವನೇ ಹೇಳಿಕೊಳ್ಳುತ್ತಿದ್ದ. "ಕತ್ತಿ ಪುಕ್ಕಲನ ಕೈಯಲ್ಲಿದ್ರೇನೇ ಗಿರಾಕಿ ಕತ್ತಿಗೆ ಕ್ಷೇಮ."

ಅವನ ಕಸುಬಿನಲ್ಲಿ ಒಂದು ವಿಶೇಷವಿತ್ತು. ದನ ಕಾಯುವವರು ಬೇಸಿಗೆಯಿಡೀ ಬಯಲಿನಲ್ಲಿ ಅಲೆದು, ಎದೆಯವರೆಗೆ ಗಡ್ಡ ಬಿಟ್ಟುಕೊಂಡು ಊರಿಗೆ ಬರುತ್ತಿದ್ದರು. ಗಡ್ಡ ತೆಗೆದರೆ ಹಣೆ ಮೂಗು ಸುಟ್ಟ ಇಟ್ಟಿಗೆಯಂತೆ ಕೆಂಪು, ಗದ್ದ ಮಾತ್ರ ಸುಲಿದ ಆಲೂಗಡ್ಡೆಯಂತೆ ಬಿಳಿ. ಬೀದಿಗಿಳಿದರೆ ಊರೆಲ್ಲ ನಗುತ್ತಿತ್ತು. ಅದಕ್ಕೇ ಓಬೆಡ್ ಕಾಫಿಯ ಚರಟವನ್ನು ಗಟ್ಟಿಯಾಗಿ ಕುದಿಸಿ, ಸೋಸಿ, ಶೀಸೆಯಲ್ಲಿ ತುಂಬಿಟ್ಟಿರುತ್ತಿದ್ದ. ಕೊನೆಗೆ ಆ ಕಷಾಯವನ್ನು ಗದ್ದಕ್ಕೆ ತಿಕ್ಕಿದರೆ ಮುಖ ಒಂದೇ ಬಣ್ಣಕ್ಕೆ ಬರುತ್ತಿತ್ತು. ಎರಡು ದಿನ ಮುಖ ಬೆಳಗಿನ ತಿಂಡಿಯ ವಾಸನೆ ಹೊಡೆಯುತ್ತಿತ್ತು, ಅಷ್ಟೆ. ಅದನ್ನು ಯಾರೂ ಕೇಳಿ ಹಚ್ಚಿಸಿಕೊಳ್ಳುತ್ತಿರಲಿಲ್ಲ. ಅವನಾಗಿಯೇ ಹಚ್ಚುತ್ತಿದ್ದ. ಮಾನ ಕಾಯುವ ಕೆಲಸವನ್ನು ಅವರಾಗಿ ಕೇಳಲಿ ಎಂದು ಕಾಯಬಾರದು ಎನ್ನುತ್ತಿದ್ದ.

ಆ ಕಾಲದಲ್ಲಿ ನಮ್ಮ ಷೆರಿಫರು ಕೋಲ್ ವೆಂಡಲ್ ಎಂಬುವರು. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಮಾತನ್ನು ಅವರನ್ನು ನೋಡಿಯೇ ಕಟ್ಟಿರಬೇಕು. ರೂಬ್ ಹ್ಯಾಸ್ಕಿನ್ಸ್ ಎಂಬ ಗಡ್ಡದ ದೈತ್ಯನೊಬ್ಬ ಏಳೆಂಟು ಜನರನ್ನು ಕಟ್ಟಿಕೊಂಡು ದನ ಕದಿಯುತ್ತಿದ್ದ, ಪ್ರಯಾಣಿಕರ ಸಾರೋಟು ತಡೆದು ಸುಲಿಯುತ್ತಿದ್ದ. ಅವನು ಉತ್ತರಕ್ಕೆ ಓಡಿದನೆಂದು ಸುದ್ದಿ ಬಂದರೆ ಷೆರಿಫರು ದಂಡು ಕಟ್ಟಿಕೊಂಡು ದಕ್ಷಿಣಕ್ಕೆ ಹೋಗುತ್ತಿದ್ದರು. ವಾರ ಬಿಟ್ಟು ದಣಿದು ಬಂದು, "ಬಹಳ ಚಾಲಾಕಿ ನನ್ಮಗ," ಎನ್ನುತ್ತಿದ್ದರು. ನಾವೂ "ಹೌದೌದು" ಎನ್ನುತ್ತಿದ್ದೆವು. ಅವರ ಹೊಸ ಮನೆ ಮಾತ್ರ ಪ್ರತಿ ಸುಲಿಗೆಗೂ ಒಂದೊಂದು ಕೋಣೆ ಬೆಳೆಯುತ್ತಿತ್ತು.

ಆ ವರ್ಷದ ವಸಂತದಲ್ಲಿ ರೂಬ್ ತಡೆದದ್ದು ಡಾನ್ ಕಿಯೋ ಓಡಿಸುತ್ತಿದ್ದ ಸಾರೋಟನ್ನು. ಡಾನ್ ಓಬೆಡ್‌ನ ಜೀವದ ಗೆಳೆಯ, ಬಾಯಿಬಡುಕ, ಒಂದು ದಿನವೂ ಗಡ್ಡ ಬಿಟ್ಟವನಲ್ಲ. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬಂದೂಕು ಹಿಡಿದವನ ದನಿ ಕೇಳಿದ್ದೇ, "ಅರೆ ರೂಬ್, ನೀನೇನಯ್ಯಾ! ಕೆಮ್ಮು ಹ್ಯಾಗಿದೆ?" ಎಂದುಬಿಟ್ಟ. ಗುರುತಿನವರನ್ನು ಕಂಡರೆ ಮಾತಾಡಿಸದೆ ಹೋಗುವುದು ಅವನಿಂದಾಗದ ಕೆಲಸ. ರೂಬ್ ಅಲ್ಲೇ ಗುಂಡು ಹಾರಿಸಿದ. ಹೆಣಕ್ಕೆ ಕೊನೆಯ ಕ್ಷೌರ ಮಾಡಿದವನು ಓಬೆಡ್. ಸಾರೋಟಿನಲ್ಲಿದ್ದವರು ಹೇಳಿದ್ದನ್ನು ಊರೆಲ್ಲ ಕಿವಿಯಿಂದ ಕಿವಿಗೆ ಕೇಳಿತು, ಬಾಯಿ ಬಿಟ್ಟು ಯಾರೂ ಆಡಲಿಲ್ಲ. ಷೆರಿಫರು ವಾಡಿಕೆಯಂತೆ ದಕ್ಷಿಣಕ್ಕೆ ಹೋಗಿ ಬಂದರು.

ನವೆಂಬರಿನಲ್ಲಿ ಷೆರಿಫ್ ಚುನಾವಣೆ. ಎದುರಿಗೆ ನಿಂತವನು ಕುದುರೆಯ ಜೀನು ಹೊಲಿಯುವ ಮಾರ್ಟಿನ್ ಓಕ್ಸ್. ಅವನು ಭಾಷಣ ಮಾಡಲು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಕೂತುಬಿಡುತ್ತಿದ್ದ. ಜನ ಅದನ್ನು ಗಾಂಭೀರ್ಯವೆಂದು ತಿಳಿದರು. ಗಾಳಿ ಅವನ ಕಡೆಗೆ ಬೀಸತೊಡಗಿದಾಗ ವೆಂಡಲ್ ಸಾಹೇಬರು ಓಬೆಡ್‌ನ ಅಂಗಡಿಗೆ ಬಂದರು. ನಾನು ಕುರ್ಚಿಯಲ್ಲಿ ನೊರೆಯೊಳಗಿದ್ದೆ, ಹಾಗಾಗಿ ಮನುಷ್ಯರ ಲೆಕ್ಕಕ್ಕಿರಲಿಲ್ಲ.

"ಓಬೆಡ್, ಈ ಅಂಗಡಿ ನಿಂತಿರೋ ಜಾಗದ ಪತ್ರದಲ್ಲಿ ಏನೋ ದೋಷ ಇದೆಯಂತಲ್ಲೋ. ಜಡ್ಜ್ ಹೇಳ್ತಿದ್ರು."

"ದೋಷಾನಾ ಸಾರ್? ಆ ಪತ್ರ ಬರೆದೋರೇ ಜಡ್ಜ್ ಸಾಹೇಬ್ರು."

"ಅದಕ್ಕೇ ಅವರಿಗೆ ಗೊತ್ತಾಗಿರೋದು," ಎಂದರು ಷೆರಿಫರು, ಅನುಮಾನವೇ ಇಲ್ಲದೆ. "ನಾನು ಗೆದ್ರೆ ದೋಷ ಸರಿಹೋಗುತ್ತೆ. ಸೋತ್ರೆ ನನ್ ಕೈಲೇನಿದೆ, ಹೇಳು. ಚುನಾವಣೆ ದಿನ ನನ್ನ ಹುಡುಗರು ಒಂದಷ್ಟು ಜನ ಬರ್ತಾರೆ. ಹೇಳಿದ ಹಾಗೆ ಕ್ಷೌರ ಮಾಡು. ಬೇರೆ ಗಿರಾಕಿ ಬೇಡ."

ಅವರು ಹೋದ ಮೇಲೆ ಓಬೆಡ್ ಹಲಗೆಯ ಮೇಲಿನ ಬಟ್ಟಲುಗಳನ್ನೇ ನೋಡುತ್ತ ನಿಂತ. ಹೆಂಡತಿ ಮಕ್ಕಳಿಲ್ಲದ ಮನುಷ್ಯ. ಮಲಗುತ್ತಿದ್ದುದೂ ಅದೇ ಅಂಗಡಿಯ ಹಿಂದಿನ ಕೋಣೆಯಲ್ಲಿ. "ಈ ವಯಸ್ಸಲ್ಲಿ ಇದನ್ನ ಬಿಟ್ಟು ಎಲ್ಲಿಗೆ ಹೋಗ್ಲೋ ಮಾರಾಯ?" ಎಂದ. ನನ್ನ ಬಾಯಲ್ಲಿ ನೊರೆಯಿತ್ತು.

ಚುನಾವಣೆಯ ದಿನ ಬೆಳಿಗ್ಗೆ ರೂಬ್‌ನ ತಂಡ ಹಾಡುಹಗಲಲ್ಲಿ ಊರೊಳಗೆ ಬಂತು, ಎಲ್ಲರೂ ಎದೆಮಟ್ಟದ ಗಡ್ಡಧಾರಿಗಳು. ಮೊದಲು ಶಾಲೆಯ ಬಾಗಿಲಲ್ಲಿ ಹಾಕಿದ್ದ ಮೇಜಿನ ಬಳಿ ಹೋಗಿ, ಬಾಯಿಗೆ ಬಂದ ಹೆಸರು ಹೇಳಿ ವೆಂಡಲರ ಚೀಟಿ ಹಾಕಿದರು. ಆಮೇಲೆ ಓಬೆಡ್‌ನ ಅಂಗಡಿ. ಬಿಸಿನೀರು ಕಾಯಿಸುವ ಕೆಲಸಕ್ಕೆ ನನ್ನನ್ನೂ ನನ್ನ ಅಂಗಡಿಯ ಹಂಡೆಯನ್ನೂ ಎಳೆದು ತಂದರು. ನಮ್ಮಿಬ್ಬರಲ್ಲಿ ಹೆಚ್ಚು ಧೈರ್ಯ ತೋರಿದ್ದು ಹಂಡೆ.

ಉಪಾಯ ಬಹಳ ಸರಳವಾಗಿತ್ತು. ಗದ್ದ ಬೋಳಿಸಿ ಕೆನ್ನೆಗೂದಲು ಬಿಟ್ಟರೆ ಹೊಸ ಮನುಷ್ಯ, ಹೊಸ ಹೆಸರು, ಇನ್ನೊಂದು ಓಟು. ಕೆನ್ನೆಯನ್ನೂ ಬೋಳಿಸಿ ಮೀಸೆ ಬಿಟ್ಟರೆ ಮತ್ತೊಂದು. ಕೊನೆಗೆ ಮೀಸೆಯೂ ಹೋದರೆ ಮಗದೊಂದು. ಈ ಹೊಸ ಹೆಸರುಗಳನ್ನು ಷೆರಿಫರು ಸ್ಮಶಾನದಿಂದ ಆರಿಸಿದ್ದರು. ಸತ್ತವರು ಬದುಕಿದ್ದಾಗ ಹೇಗಿದ್ದರೋ ಅದಕ್ಕೆ ಹೊಂದುವಂತೆ ಮೀಸೆಯವರಿಗೆ ಮೀಸೆ, ಕೆನ್ನೆಗೂದಲಿನವರಿಗೆ ಕೆನ್ನೆಗೂದಲು. ಅಷ್ಟು ಮುತುವರ್ಜಿಯನ್ನು ಅವರು ಬದುಕಿದ್ದವರ ಮೇಲೆ ತೋರಿದ್ದರೆ ಚುನಾವಣೆಯೇ ಬೇಕಿರಲಿಲ್ಲ.

ಓಬೆಡ್ ಹೇಳಿದ ಹಾಗೆ ಕೆಲಸ ಮಾಡಿದ. ಪ್ರತಿ ಸರದಿಯಲ್ಲೂ ಬೋಳಾದ ಜಾಗಕ್ಕೆ ಕಷಾಯ ತಿಕ್ಕಿಯೇ ಕಳಿಸಿದ. ಕಾನೂನಿನ ಪ್ರಕಾರ ಆ ದಿನ ಹೆಂಡದಂಗಡಿ ಮುಚ್ಚಿತ್ತು, ಆದ್ದರಿಂದ ವಿಸ್ಕಿ ಷೆರಿಫರ ಕಚೇರಿಯಿಂದಲೇ ಬರುತ್ತಿತ್ತು. ಇಳಿಹೊತ್ತಿಗೆ ಎಲ್ಲರೂ ತೂರಾಡುತ್ತಿದ್ದರು. ಕೊನೆಯ ಸರದಿಗೆ ರೂಬ್ ಮೊದಲು ಕೂತ. ಷೆರಿಫರು ಬಾಗಿಲಲ್ಲಿ ನಿಂತು ಅವಸರ ಮಾಡಿದರು.

"ಬೇಗ, ಬೇಗ. ಓಟು ಮುಗಿಯೋ ಹೊತ್ತಾಯ್ತು. ರೂಬ್, ಈಗ ನಿನ್ ಹೆಸರು ಡಾನ್ ಕಿಯೋ. ನೆನಪಿರುತ್ತಾ?"

ರೂಬ್ ನೊರೆಯೊಳಗಿಂದಲೇ ನಕ್ಕ. "ಇರದೆ ಏನು? ಅವನಿಗೆ ನನ್ ಹೆಸರು ಚೆನ್ನಾಗಿ ನೆನಪಿತ್ತಲ್ಲ!"

ಕತ್ತಿ ಆಗ ರೂಬ್‌ನ ಗಂಟಲಿನ ಮೇಲಿತ್ತು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಕತ್ತಿ ಎಂದಿನ ಹಾಗೆ ಮೇಲಕ್ಕೆ ಸಾಗುತ್ತಿತ್ತು, ಒಂದು ಗೀರೂ ಇಲ್ಲ. ಮೀಸೆ ತೆಗೆದು ಮುಗಿಸಿ ಓಬೆಡ್ ಕಷಾಯದ ಶೀಸೆಯ ಕಡೆಗೆ ಕೈ ಚಾಚಿದ. ಕೈ ಅಲ್ಲೇ ನಿಂತಿತು. ಆಮೇಲೆ ಅದು ಸಾಬೂನಿನ ಕಡೆಗೆ ತಿರುಗಿತು.

"ಬಿಸಿನೀರು ತಾ," ಎಂದ ನನಗೆ. "ರೂಬ್ ಸಾಹೇಬ್ರ ಮುಖ ಚೆನ್ನಾಗಿ ತೊಳೀಬೇಕು."

ಬೆಳಗಿನಿಂದ ಹಚ್ಚಿದ್ದ ಬಣ್ಣವೆಲ್ಲ ಹೋಗುವ ಹಾಗೆ ತಿಕ್ಕಿ ತಿಕ್ಕಿ ತೊಳೆದ. ಒಬ್ಬರಾದ ಮೇಲೆ ಒಬ್ಬರನ್ನು ಕೂರಿಸಿ, ಬೋಳಿಸಿ, ತಾಯಿ ಮಗುವನ್ನು ತೊಳೆದಂತೆ ತೊಳೆದ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು "ಹಾಲುಗಲ್ಲದ ಕಂದಮ್ಮ!" ಎಂದು ಬಿದ್ದು ಬಿದ್ದು ನಕ್ಕರು, ನಗು ಗಡ್ಡ ಹೋದದ್ದಕ್ಕೆಂದುಕೊಂಡರು. ಷೆರಿಫರು ಹೊರಗೆ ಸೂರ್ಯನನ್ನು ನೋಡುತ್ತಿದ್ದರು, ಮುಖಗಳನ್ನಲ್ಲ.

ಶಾಲೆಯ ಮುಂದೆ ಊರೇ ಕೂಡಿತ್ತು. ಎಣಿಕೆ ಮುಗಿಯುವವರೆಗೆ ಯಾರೂ ಮನೆಗೆ ಹೋಗದಿರುವುದು ನಮ್ಮಲ್ಲಿ ಪದ್ಧತಿ. ನಮ್ಮ ವಯೋಮಿಂಗ್ ಪ್ರಾಂತದಲ್ಲಿ ಹೆಂಗಸರಿಗೂ ಓಟಿತ್ತು. ಸಾಲಿನಲ್ಲಿ ಡಾನ್‌ನ ವಿಧವೆ ನೋರಾ ಕಿಯೋ ಕೂಡ ನಿಂತಿದ್ದಳು. ಇಳಿಬಿಸಿಲು ನೇರವಾಗಿ ಮುಖಕ್ಕೆ ಹೊಡೆಯುತ್ತಿದ್ದಾಗ ರೂಬ್‌ನ ತಂಡದವರು ಸಾಲಾಗಿ ಬಂದರು, ಮೇಲರ್ಧ ಇಟ್ಟಿಗೆ, ಕೆಳಗರ್ಧ ಆಲೂಗಡ್ಡೆ.

"ಹೆಸರು?" ಎಂದ ಮೇಜಿನವನು, ತಲೆಯೆತ್ತದೆ. ತಲೆಯೆತ್ತದಿರುವುದಕ್ಕೇ ಅವನನ್ನು ಅಲ್ಲಿ ಕೂರಿಸಿದ್ದು.

"ಡಾನ್ ಕಿಯೋ," ಎಂದ ರೂಬ್.

ನೋರಾ ಸಾಲು ಬಿಟ್ಟು ಮುಂದೆ ಬಂದಳು. ಅವನ ಮುಖವನ್ನು ಮೇಲಿಂದ ಕೆಳಗೆ ನೋಡಿದಳು.

"ನೀನು ಡಾನಾ? ಹಂಗಾದ್ರೆ ನಾನು ನಿನ್ ಹೆಂಡ್ತಿ. ವಸಂತದಲ್ಲಿ ಹೋದೋನು ಈಗ ಬಂದ್ಯಾ? ನಡಿ ಮನೆಗೆ, ಕಟ್ಟಿಗೆ ಒಡೆಯೋನಿಲ್ಲ."

ಯಾರೋ ಕಿಸಕ್ಕೆಂದರು. ನೋರಾ ಜನರ ಕಡೆ ತಿರುಗಿದಳು. "ಇಲ್ಲಿ ಈವತ್ತೇ ಗಡ್ಡ ಬೋಳಿಸ್ಕೊಂಡು ಬಿಳೀ ಗದ್ದ ಹೊತ್ತು ಬಂದೋರು ಎಷ್ಟ್ ಜನ ಇದೀರಪ್ಪಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಏಳೆಂಟು ಕೈಗಳು ಒಟ್ಟಿಗೇ ಗದ್ದಕ್ಕೆ ಹೋದವು. ನಗು ಶಾಲೆಯ ಮೆಟ್ಟಿಲಿನಿಂದ ಹೊರಟು ಬೀದಿಯ ಕೊನೆಯವರೆಗೆ ಹೋಯಿತು. ವರ್ಷಗಟ್ಟಲೆ ಹೆದರಿ ನುಂಗಿದ್ದ ನಗು ಅದು, ನಿಲ್ಲುವಂತಿರಲಿಲ್ಲ. ನೋರಾ ಮಾತ್ರ ನಗಲಿಲ್ಲ.

"ಅವನನ್ನ ಕೊಂದಿದ್ದು ಸಾಲ್ದೂ ಅಂತ ಅವನ ಓಟನ್ನೂ ತಗೊಳ್ತೀಯಾ, ರೂಬ್ ಹ್ಯಾಸ್ಕಿನ್ಸ್?"

ಊರು ಬಾಯಿಬಿಟ್ಟು ಆಡದ ಮಾತು ಅದು. ನಗು ತಟ್ಟನೆ ನಿಂತಿತು. ರೂಬ್‌ನ ಕೈ ಸೊಂಟಕ್ಕೆ ಹೋಯಿತು. ಮಾರ್ಟಿನ್ ಓಕ್ಸ್ ನೋರಾಳ ಮುಂದೆ ಬಂದು ನಿಂತ. ಅವನ ಹಿಂದೆ ಕಮ್ಮಾರ, ಅವನ ಹಿಂದೆ ರೈತರು, ಆಮೇಲೆ ಜನವೋ ಜನ. ನಾನೂ ನಿಂತೆ. ಎಲ್ಲರಿಗಿಂತ ಹಿಂದೆ, ಒಂದು ಮರದ ಮರೆಯಲ್ಲಿ, ಆದರೆ ನಿಂತೆ. ಮೇಜಿನವನು ಮೊದಲ ಸಲ ತಲೆಯೆತ್ತಿ, ಎದುರಿಗಿದ್ದ ತಲೆಗಳನ್ನು ನೋಡಿ, "ಈ ಓಟು ತಗೊಳ್ಳೋಕಾಗಲ್ಲ," ಎಂದ.

ರೂಬ್ ಕುಡಿದಿದ್ದರೂ ತಿಳಿಗೇಡಿಯಲ್ಲ. ಗದ್ದ ಸವರಿಕೊಂಡಾಗಲೇ ಅವನಿಗೆ ಕ್ಷೌರಿಕ ನೆನಪಾಗಿರಬೇಕು. ಕುದುರೆಯೇರಿ ಓಬೆಡ್‌ನ ಅಂಗಡಿಯ ಮುಂದೆ ಹಾಯುವಾಗ ಕಿಟಕಿಯೊಳಕ್ಕೆ ಇದ್ದಷ್ಟೂ ಗುಂಡು ಸುರಿದ. ನಾವು ಓಡಿ ಹೋಗಿ ನೋಡಿದರೆ ಗಾಜು, ಪಿಂಗಾಣಿ, ನೊರೆ. ಅದರ ನಡುವೆ ಓಬೆಡ್ ಕುರ್ಚಿಯ ಕೆಳಗೆ ಕೂತಿದ್ದ, ಬಲ ಮಣಿಕಟ್ಟನ್ನು ಎಡಗೈಯಲ್ಲಿ ಅದುಮಿ ಹಿಡಿದುಕೊಂಡು.

"ಅಂಗಡಿ ಉಳೀತಾ?" ಎಂದು ಕೇಳಿದ.

"ಉಳೀತು," ಎಂದೆ.

ಉಳಿದದ್ದು ನಿಜ. ತಕರಾರಿನ ಓಟುಗಳನ್ನೆಲ್ಲ ತೆಗೆದುಹಾಕಿದಾಗ ಮಾರ್ಟಿನ್ ಗೆದ್ದ. ವೆಂಡಲ್ ಸಾಹೇಬರು ಆರೋಗ್ಯ ಸರಿಯಿಲ್ಲವೆಂದು ಬೆಳಗಿನ ರೈಲಿಗೇ ಹೊರಟುಹೋದರು. ಜಡ್ಜ್ ಸಾಹೇಬರಿಗೆ ಪತ್ರದಲ್ಲಿ ಯಾವ ದೋಷವೂ ಕಾಣದಾಯಿತು. ಬಿಳಿ ಗದ್ದ ಹೊತ್ತವರು ಎಲ್ಲಿಗೆ ತಾನೇ ಓಡಿಯಾರು? ರೂಬ್ ಎರಡು ಊರು ದಾಟಿ ಊಟದ ಮನೆಯೊಂದರಲ್ಲಿ ಹಂದಿಮಾಂಸ, ಬೀನ್ಸ್ ಮುಂದಿಟ್ಟುಕೊಂಡಿದ್ದಾಗ ಬಡಿಸುವವಳು ಅವನ ಮುಖ ನೋಡಿ ನಗು ತಡೆಯಲಾರದೆ ಒಳಗೆ ಓಡಿದಳಂತೆ. ಅಲ್ಲೇ ಹಿಡಿದರು. ಕೋರ್ಟು ಅವನನ್ನು ನೇಣಿಗೆ ಹಾಕಿತು. ಮಾರ್ಟಿನ್ ಒಳ್ಳೆಯ ಷೆರಿಫನಾದ. ಕುದುರೆಗಳಿಗೆ ಬೇಕಾದ ಜೀನುಗಳೆಲ್ಲ ತಮ್ಮನ ಅಂಗಡಿಯಿಂದಲೇ ಬರುತ್ತಿದ್ದವು ಎಂಬುದನ್ನು ಬಿಟ್ಟರೆ ದೂರು ಹೇಳುವಂಥದ್ದೇನಿಲ್ಲ. ಅವು ಒಳ್ಳೆಯ ಜೀನುಗಳೇ.

ಓಬೆಡ್‌ನ ಕೈ ಮಾತ್ರ ಮೊದಲಿನಂತಾಗಲಿಲ್ಲ. ಗಾಯ ಮಾಯ್ದ ಮೇಲೂ ಬೆರಳು ನಡುಗುತ್ತಿದ್ದವು. ಚಳಿಗಾಲ ಕಳೆದು ಅಂಗಡಿ ತೆರೆದ ದಿನ, ಮಸೆದ ಕತ್ತಿಯನ್ನು ಮುಂದಿಟ್ಟುಕೊಂಡು ಕೂತಿದ್ದ. "ಇನ್ನು ಇದನ್ನ ಮಾರ್ಬಿಡ್ತೀನಿ. ಈ ಕೈಗೆ ಯಾರು ಕುತ್ತಿಗೆ ಕೊಡ್ತಾರೆ?"

ಬಾಗಿಲಲ್ಲಿ ನಿಂತಿದ್ದ ಮಾರ್ಟಿನ್ ಗಂಟಲು ಸರಿಮಾಡಿಕೊಂಡ. ಏನೋ ಹೇಳುತ್ತಾನೆಂದು ಕಾದೆವು. ಎಂದಿನಂತೆ ಹೇಳಲಿಲ್ಲ. ಬ್ಯಾಡ್ಜಿರುವ ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಕುರ್ಚಿಯಲ್ಲಿ ಒರಗಿ, ಕುತ್ತಿಗೆ ಚಾಚಿದ.

ಕತ್ತಿ ಅವನ ಗದ್ದವನ್ನು ಮೂರು ಕಡೆ ಕೊಯ್ಯಿತು. ರಕ್ತಕ್ಕೆ ಕಾಗದದ ಚೂರು ಅಂಟಿಸಿಕೊಂಡು ಎದ್ದು, "ಶನಿವಾರ ಬರ್ತೀನಿ," ಎಂದ. ಆಮೇಲೆ ಕಮ್ಮಾರ ಕೂತ, ರೈತರು ಕೂತರು. ಓಬೆಡ್ ಬದುಕಿರುವವರೆಗೂ ಭಾನುವಾರ ಚರ್ಚಿನಲ್ಲಿ ನಮ್ಮೂರ ಗಂಡಸರೆಲ್ಲ ಕಾಗದದ ಚೂರು ಅಂಟಿಸಿಕೊಂಡ ಮುಖ ಹೊತ್ತು ಸ್ತೋತ್ರ ಹಾಡುತ್ತಿದ್ದರು. ಹೊಸ ಪಾದ್ರಿ ಇದೇನು ರೋಗವೆಂದು ನೋರಾಳನ್ನು ವಿಚಾರಿಸಿದರಂತೆ.

"ರೋಗ ಅಲ್ಲ ಸ್ವಾಮಿ," ಎಂದಳಂತೆ ಅವಳು. "ಓಬೆಡ್ ಹತ್ರ ಸಾಲಲ್ಲಿ ಕೂತು ಕಾದು ಗಾಯ ಹಾಕಿಸ್ಕೊಂಡು ಬರ್ತಾರೆ."