ಬಾಗಿಲು ತೆರೆಯಬೇಕಿದ್ದ ಫೋರ್ಮನ್

ಅಲ್ ಸದ್ದ್‌ನ ನಮ್ಮ ಫ್ಲಾಟಿನ ಕೆಳಗೆ ಮೊನ್ನೆ ಬೇವಿನ ಮರದ ಕೊಂಬೆ ಸವರುತ್ತಿದ್ದರು. ಕಾರು ನಿಲ್ಲಿಸಿ ಇಳಿದರೆ, ಚಕ್ರಕ್ಕೆ ಸಿಕ್ಕಿ ಜಜ್ಜಿದ ಎಲೆಗಳ ಕಹಿ ವಾಸನೆ. ಮನೆಗೆ ಹೋಗಿ ಮುಖ ತೊಳೆದರೂ ಅದು ಮೂಗಿನಿಂದ ಹೋಗಲಿಲ್ಲ. ಮೆಸಯೀದಿನ ಕಾರ್ಮಿಕರ ಕ್ಯಾಂಪು, ಮೂಲೆಯ ಕೋಣೆ, ಅದರ ಬಾಗಿಲಿಗೆ ಸಿಕ್ಕಿಸಿದ್ದ ಬೇವಿನ ಸೊಪ್ಪು... ಒಳಗೆ ನಮ್ಮ ವೆಲ್ಡಿಂಗ್ ಫೋರ್ಮನ್.

ಎರಡು ಸಾವಿರದ ನಂತರದ ಮೊದಲ ವರ್ಷಗಳು. ನಾನು ಇಲ್ಲಿ ಗಲ್ಫಿನ ಒಂದು ಕಾಂಟ್ರಾಕ್ಟ್ ಕಂಪನಿಯ ಆಫೀಸಿನಲ್ಲಿ ಗುಮಾಸ್ತ. ರಜೆಯ ಅರ್ಜಿಗಳು ನನ್ನ ಮೇಜು ದಾಟಿಯೇ ಮ್ಯಾನೇಜರ ಬಳಿ ಹೋಗಬೇಕು. ಅವರ ಸಹಿಯಿಲ್ಲದೆ ಎಕ್ಸಿಟ್ ಪರ್ಮಿಟ್ ಇಲ್ಲ, ಅದಿಲ್ಲದೆ ದೇಶ ಬಿಡುವ ಹಾಗಿಲ್ಲ. ಫೋರ್ಮನ್ ಉಡುಪಿ ಕಡೆಯವರು, ನನಗಿಂತ ತುಂಬ ಹಿರಿಯರು. ನಾನು ಕ್ರಿಶ್ಚಿಯನ್ ಆದ್ದರಿಂದ ಊರಿನ ರೂಢಿಯಂತೆ ‘ಪೊರ್ಬುಗಳೇ’ ಎಂದು ಕರೆಯುತ್ತಿದ್ದರು. ಶುಕ್ರವಾರ ಮೀನು ಸಾರು ಮಾಡಿದರೆ ನನಗೊಂದು ಪಾಲು ಇರುತ್ತಿತ್ತು.

ಹಾಗೆ ಉಣ್ಣುವಾಗಲೇ ತಮ್ಮೂರಿನ ಮಾರಿಯಮ್ಮನ ಕತೆ ಹೇಳಿದ್ದು. ಹಿಂದೊಮ್ಮೆ ಊರಲ್ಲಿ ಸಿಡುಬು ಎದ್ದಾಗ, ಮೈತುಂಬ ಬೊಕ್ಕೆಯ ಮುದುಕಿಯೊಬ್ಬಳು ನೀರು ಕೇಳುತ್ತ ಬಂದಳಂತೆ. ಎಲ್ಲರೂ ಕದ ಹಾಕಿಕೊಂಡರು. ಇವರ ಹಿರಿಯನೊಬ್ಬ ಮಾತ್ರ ತೆರೆದು ಗಂಜಿ ತಿಳಿ ಕೊಟ್ಟ. ‘ನಿನ್ನ ಮನೆಯವರು ನನಗೆ ಬಾಗಿಲು ತೆರೆಯುವ ತನಕ ಈ ಊರಿನ ಯಾವ ಬಾಗಿಲನ್ನೂ ತಟ್ಟುವುದಿಲ್ಲ’ ಎಂದು ಹೇಳಿ ಅವಳು ಗುಡ್ಡ ಹತ್ತಿ ಮಾಯವಾದಳು. ಅಲ್ಲೇ ಗುಡಿ. ವರ್ಷಕ್ಕೊಮ್ಮೆ, ಮಾರಿಪೂಜೆಯ ಮಂಗಳವಾರ ಅದರ ಬಾಗಿಲು ತೆರೆಯುತ್ತದೆ. ಆಗ ಊರಿಗೆ ಊರೇ ಬೆನ್ನು ತಿರುಗಿಸಿ ನಿಲ್ಲುತ್ತದೆ. ಅವಳ ಮೊದಲ ನೋಟ ಅಷ್ಟು ಉಗ್ರ. ಆ ಮನೆಯ ಗಂಡಸೊಬ್ಬ ಮಾತ್ರ ಎದುರು ನಿಂತು, ಗಂಜಿ ತಿಳಿ ಇಟ್ಟು, ‘ಬಂದೆಯಾ ಅಮ್ಮ’ ಎನ್ನಬೇಕು.

ಆ ಕೆಲಸ ಅವರ ಅಣ್ಣನದಾಗಿತ್ತು. ಆ ವರ್ಷದ ಮಳೆಗಾಲದಲ್ಲಿ ಅಣ್ಣ ತೀರಿಕೊಂಡರು. ಮನೆಯಲ್ಲಿ ಉಳಿದ ಗಂಡಸು ಇವರೊಬ್ಬರೇ; ಅಣ್ಣತಮ್ಮ ಇಬ್ಬರಿಗೂ ಮಕ್ಕಳಿರಲಿಲ್ಲ. ಪೂಜೆಗೆ ಒಂದು ತಿಂಗಳಿರುವಾಗಲೇ ಅರ್ಜಿ ತಂದುಕೊಟ್ಟರು.

“ಒಂದು ವಾರ ಸಾಕು ಪೊರ್ಬುಗಳೇ. ಬಾಗಿಲು ತೆಗೆದು ವಾಪಸ್ ಬರ್ತೇನೆ.”

ಪ್ಲಾಂಟ್ ನಿಲ್ಲಿಸಿ ರಿಪೇರಿ ಮಾಡುವ ಶಟ್‌ಡೌನ್ ಕೆಲಸ ಶುರುವಾಗುವುದರಲ್ಲಿತ್ತು. ಅಂದು ಬೆಳಿಗ್ಗೆಯೇ ಮ್ಯಾನೇಜರು ಇನ್ನೊಬ್ಬನ ಅರ್ಜಿ ಎಸೆದು, “ರಜೆ ಮಾಫಿ, ಖಲಾಸ್!”, ಯಾರಿಗೂ ರಜೆ ಇಲ್ಲ, ಎಂದು ಕೂಗಾಡಿದ್ದರು. ನನ್ನ ಹೆಂಡತಿಯನ್ನು ಕರೆಸಿಕೊಳ್ಳುವ ವೀಸಾದ ಕಾಗದವೂ ಅವರ ಸಹಿಗೆ ಕಾದಿತ್ತು. ಅವರ ಸಿಟ್ಟು ನನ್ನ ಕಾಗದದ ಮೇಲೆ ತಿರುಗಿದರೆ? ಫೋರ್ಮನ್ನರ ಅರ್ಜಿಯನ್ನು ನಾನು ಒಳಗೆ ಒಯ್ಯಲೇ ಇಲ್ಲ. ಒಯ್ದಿದ್ದರೆ ಕೊಡುತ್ತಿದ್ದರೋ ಇಲ್ಲವೋ, ಅದು ಇವತ್ತಿಗೂ ಗೊತ್ತಿಲ್ಲ.

ನಾಲ್ಕು ದಿನ ಬಿಟ್ಟು ಅವರು ಬಂದು ಕೇಳಿದಾಗ, “ಆಗುದಿಲ್ಲ ಅಂದ್ರು. ಎರಡು ಸಲ ಕೇಳಿದೆ” ಎಂದೆ.

“ಇರ್ಲಿ. ನೀವು ಕೇಳಿದ್ರಲ್ಲ” ಎಂದು ಹೆಲ್ಮೆಟ್ ಹಾಕಿಕೊಂಡು ಹೊರಟುಹೋದರು.

ಆ ವರ್ಷ ಊರವರು ಮುಚ್ಚಿದ ಬಾಗಿಲಿಗೇ ಕೈ ಮುಗಿದು ಮನೆಗೆ ಹೋದರಂತೆ. ಫೋನಿನಲ್ಲಿ ಅದನ್ನು ಕೇಳಿದ ಮೇಲೆ ಅವರು ಶುಕ್ರವಾರದ ಅಡುಗೆ ಬಿಟ್ಟರು.

ಮೂರು ವಾರದಲ್ಲಿ ಕ್ಯಾಂಪಿನಲ್ಲಿ ಚಿಕನ್‌ಪಾಕ್ಸ್ ಕಾಣಿಸಿತು. ಒಂದೊಂದು ಕೋಣೆಯಲ್ಲಿ ಎಂಟೆಂಟು ಜನ; ತಡೆಯುವುದು ಹೇಗೆ? ಫೋರ್ಮನ್ನರಿಗೂ ಬಂತು. ಅವರನ್ನು ಮೂಲೆಯ ಕೋಣೆಗೆ ಹಾಕಿದರು. ನನಗೆ ಚಿಕ್ಕಂದಿನಲ್ಲೇ ಬಂದು ಹೋಗಿದ್ದರಿಂದ ಗಂಜಿ ಒಯ್ಯುವವನು ನಾನಾದೆ. ರಸ್ತೆ ಬದಿಯ ಮರದಿಂದ ಸೊಪ್ಪು ಕಿತ್ತು ಬಾಗಿಲಿಗೆ ಸಿಕ್ಕಿಸಿದವನೂ ನಾನೇ.

ಮೈಮೇಲೆ ಬೆರಳಿಡಲು ಜಾಗವಿರಲಿಲ್ಲ. ನಾನು ಕದ ತಳ್ಳಿದಾಗ, ಜ್ವರದಲ್ಲಿ, “ಬಂದೆಯಾ ಅಮ್ಮ” ಎಂದರು. ಆಮೇಲೆ ನನ್ನ ಗುರುತು ಹಿಡಿದು, “ನಾನು ಹೋಗ್ಲಿಲ್ಲ ಅಲ್ವಾ, ಅವಳೇ ಬಂದಳು” ಎಂದರು.

“ಎಂತ ಮಾತು ಮಾರಾಯ್ರೆ, ಇದು ಎಲ್ಲರಿಗೂ ಬರುವಂಥದ್ದು. ಅದಲ್ಲ, ನಿಮ್ಮ ಆ ಅರ್ಜಿ...” ಎಂದು ಶುರು ಮಾಡಿದೆ.

“ಮ್ಯಾನೇಜರನ್ನು ಬೈಬೇಡಿ. ನಿಮ್ಮ ಕೈಲಾದ್ದು ನೀವು ಮಾಡಿದ್ದೀರಿ” ಎಂದು ನನ್ನ ಕೈ ಹಿಡಿದರು. ಸುಡುವ ಕೈ. ನಾನು ಇನ್ನೊಂದು ಕೈಯಿಂದ ಗಂಜಿಯ ಬಟ್ಟಲನ್ನು ಹತ್ತಿರ ಎಳೆದುಕೊಂಡೆ.

ಮಾರನೆಯ ದಿನ ಉಸಿರು ಕಟ್ಟತೊಡಗಿತು. ಆಸ್ಪತ್ರೆಗೆ ಸೇರಿಸಿದೆವು, ಶ್ವಾಸಕೋಶಕ್ಕೆ ಇಳಿದಿದೆ ಎಂದರು. ನಾಲ್ಕನೆಯ ದಿನ ತೀರಿಕೊಂಡರು. ಹೆಣ ಊರಿಗೆ ಕಳಿಸುವ ಕಾಗದಗಳನ್ನು ನಾನೇ ಒಳಗೆ ಒಯ್ದೆ. ಮ್ಯಾನೇಜರು ಓದದೆಯೇ ಎಲ್ಲದಕ್ಕೂ ಸಹಿ ಹಾಕಿದರು. ಅದೇ ವಾರ ನನ್ನ ವೀಸಾದ ಕಾಗದಕ್ಕೂ.

ಮರುವರ್ಷ ರಜೆಯಲ್ಲಿ ಹೇಳಿಬಿಡಬೇಕೆಂದೇ ಅವರ ಮನೆಗೆ ಹೋದೆ. ಅವರ ಹೆಂಡತಿ ನೀರು ಬೆಲ್ಲ ತಂದಿಟ್ಟು, ಕಂಬಕ್ಕೆ ಒರಗಿ ನಿಂತರು.

“ಅವರಿಗೇ ಬರ್ಲಿಕ್ಕೆ ಮನಸ್ಸಿರ್ಲಿಲ್ಲ ಅಂತ ಊರಲ್ಲಿ ಹೇಳ್ತಾರೆ. ಹೌದಾ?”

“ಇಲ್ಲ ಅಕ್ಕ, ಕೇಳಿದ್ರು. ಕಂಪನಿ ಬಿಡ್ಲಿಲ್ಲ.”

ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು. “ನೀವು ಅವರಿಗೋಸ್ಕರ ಎರಡು ಸಲ ಕೇಳಿದ್ರಂತೆ. ಅವರೂ ಫೋನಲ್ಲಿ ಅದನ್ನೇ ಹೇಳಿದ್ರು” ಎಂದು ಕೈ ಮುಗಿದರು. ನಾನು ಎದ್ದು ಬಂದೆ.

ಈಗ ಗುಡಿಯ ಬಾಗಿಲನ್ನು ಸಮಿತಿಯವರು ತೆರೆಯುತ್ತಾರಂತೆ. ಯಾರೂ ಬೆನ್ನು ತಿರುಗಿಸುವುದಿಲ್ಲ, ಮೊಬೈಲ್ ಹಿಡಿದು ಎದುರೇ ನಿಲ್ಲುತ್ತಾರಂತೆ. ಹೋದ ತಿಂಗಳು ಆ ಅಕ್ಕನೂ ತೀರಿಕೊಂಡ ಸುದ್ದಿ ಬಂತು. ನಾನು ನಿಜ ಹೇಳಬೇಕಾಗಿದ್ದುದು ಇಬ್ಬರಿಗೆ. ಇನ್ನು ಇಬ್ಬರೂ ಇಲ್ಲ.