ಎಡಗೆನ್ನೆಯ ಕಲೆ

ಹೊಳೆನರಸೀಪುರದ ಕೋಟೆ ಬೀದಿಯ ಪಾಳೇಗಾರರ ದೊಡ್ಡಮನೆಯನ್ನು ನಿಂಗಾಜಮ್ಮ ಮೂವತ್ತು ವರ್ಷಗಳಿಂದ ಗುಡಿಸುತ್ತಿದ್ದಾರೆ. ಅವರ ತಾಯಿ ಚೆನ್ನಮ್ಮ ಅಲ್ಲೇ ಅಡುಗೆ ಮಾಡುತ್ತಿದ್ದರು. ನಿಂಗಾಜಮ್ಮನಿಗೆ ಎರಡು ವರ್ಷವಿದ್ದಾಗ ತೀರಿಕೊಂಡರು. ಪಾಳೇಗಾರರ ವಂಶ ಮುಗಿದ ಮೇಲೆ ಮನೆಯಲ್ಲಿ ಚಿತ್ರಕಾರರು ಬಂದು ಉಳಿಯತೊಡಗಿದರು.

ಅವರು ನಿಂಗಾಜಮ್ಮನನ್ನು ತೊಟ್ಟಿಯ ಕಂಬದ ಪಕ್ಕ ಕೂರಿಸಿ ಚಿತ್ರ ಬರೆಯುತ್ತಿದ್ದರು. ಮೊದಲು ಬಂದವನು ಅವರ ಎಡಗೆನ್ನೆಯ ಮೇಲೊಂದು ಸುಟ್ಟ ಕಲೆ ಬರೆದ. ಕೈತಪ್ಪಿರಬೇಕೆಂದು ಅವರು ಸುಮ್ಮನಾದರು. ಎರಡು ವರ್ಷದ ನಂತರ ಬಂದ ಇನ್ನೊಬ್ಬನೂ ಅದನ್ನೇ ಬರೆದ. ಈ ವರ್ಷ ಬಂದ ಪ್ರೇಕ್ಷಾ ಆ ಚಿತ್ರಗಳನ್ನು ನೋಡಿಯೇ ಇರಲಿಲ್ಲ. ಅವಳ ಚಿತ್ರದಲ್ಲೂ ಅದೇ ಕಲೆ.

“ಮುಟ್ಟಿ ನೋಡವ್ವ, ಎಲ್ಲೈತೆ ಕಲೆ?” ಎಂದರು ನಿಂಗಾಜಮ್ಮ.

ಪ್ರೇಕ್ಷಾ ಕೆನ್ನೆ ಮುಟ್ಟಿ ಬೆರಳು ಹಿಂತೆಗೆದಳು. “ನೀವು ಕೂತಿದ್ದಾಗ ಚೆನ್ನಾಗಿ ಕಾಣಿಸ್ತಿತ್ತು. ಎದ್ದ ಮೇಲೆ ಇಲ್ಲ.”

ನಿಂಗಾಜಮ್ಮ ಹಳೇಕೋಟೆಯಲ್ಲಿದ್ದ ತಾಯಿಯ ತಂಗಿ ಚಿಕ್ಕವ್ವನ ಹತ್ತಿರ ಹೋಗಿ, ಕಂಬದ ಪಕ್ಕ ಕೂತಾಗ ಕಾಣುವ ಕಲೆಯ ವಿಷಯ ಹೇಳಿ ಕೇಳಿದರು.

“ನಿಮ್ಮವ್ವಂಗೆ ಇತ್ತು ಕಣವ್ವ,” ಎಂದಳು ಮುದುಕಿ. “ಬಿಸಿ ತುಪ್ಪ ಸಿಡಿದಿತ್ತು. ಕೆಲ್ಸ ಮುಗುಸ್ಕಂಡು ಅದೇ ಕಂಬುಕ್ಕೆ ಒರಗಿ ಕೂತ್ಕತಿದ್ಲು.”

ತಾಯಿಯ ಮುಖ ನಿಂಗಾಜಮ್ಮನಿಗೆ ನೆನಪಿರಲಿಲ್ಲ, ಒಂದು ಫೋಟೋ ಕೂಡ ಇರಲಿಲ್ಲ. ಮರುದಿನ ಹೆದರುತ್ತಲೇ ಕಂಬದ ಪಕ್ಕ ಕೂತರು. “ಈ ಸಲ ನನ್ನ ಬಿಟ್ಬುಡವ್ವ. ಅವ್ಳನ್ನೇ ಪೂರ್ತಿ ಬರಿ.”

ಪ್ರೇಕ್ಷಾ ಬರೆದಳು. ಮೂವತ್ತು ದಾಟದ ಹೆಂಗಸೊಬ್ಬಳ ಮುಖ ಮೂಡಿತು.

ಆ ಚಿತ್ರ ಈಗ ನಿಂಗಾಜಮ್ಮನ ಮನೆಯಲ್ಲಿದೆ. ಹಾರ ಹಾಕಿಲ್ಲವೇಕೆಂದು ಕೇಳಿದರೆ, “ಹಾರ ಹಾಕೋದು ಸತ್ತೋರ್ಗೆ. ನಮ್ಮವ್ವ ದಿನಾ ಸಿಕ್ತಾಳೆ,” ಎನ್ನುತ್ತಾರೆ.