ಊರಿಗೆ ಹೊರಟವರು ಅಷ್ಟು ನೀರು ಕುಡಿಯುತ್ತಾರೆಯೇ?

ಕನ್ನಡದ ಮಿಸ್ ಕೆಂಪು ಪೆನ್ನನ್ನು ಎಷ್ಟು ಒತ್ತಿ ಎಳೆದಿದ್ದರೆಂದರೆ, ಹಾಳೆಯ ಹಿಂಬದಿ ಸವರಿದರೂ ಗೆರೆ ಬೆರಳಿಗೆ ತಗಲುತ್ತಿತ್ತು. ಪಕ್ಕದಲ್ಲಿ ಬರೆದಿತ್ತು: ‘ಊಟ ಮಾಡುವವರು ಉಪವಾಸವೇ?? ಸರಿಯಾಗಿ ಓದು.’ ಒಂದು ಪ್ರಶ್ನಾರ್ಥಕ ಚಿಹ್ನೆ ಸಾಲದೆಂದು ಎರಡು.

ಹಾಳೆ ನಮ್ಮ ಮಹಡಿ ಮನೆಯ ಹುಡುಗಿಯದು. ಆರನೇ ಕ್ಲಾಸು. ಫ್ರೇಜರ್ ಟೌನಿನ ಈ ಕಟ್ಟಡದಲ್ಲಿ ನಾವು ಕೆಳಗೆ, ಅವರು ಮೇಲೆ. ಅವರ ಮನೆಮಾತು ದಖ್ಖನಿ. ಹಾಗಾಗಿ ಕನ್ನಡ ಓದಲು ಅವಳು ಸಂಜೆ ನನ್ನ ಊಟದ ಮೇಜಿಗೆ ಬರುತ್ತಾಳೆ. ಕಷ್ಟದ ಸಾಲು ಬಂದಾಗ ಮೊದಲು ದಖ್ಖನಿಯಲ್ಲಿ ತನ್ನಷ್ಟಕ್ಕೆ ಪಿಸುಗುಟ್ಟಿಕೊಂಡು, ಆಮೇಲೆ ಕನ್ನಡದಲ್ಲಿ ಬಾಯಿಬಿಡುತ್ತಾಳೆ.

ನಾನು ಟೀಚರಲ್ಲ, ಮನೆ ನೋಡಿಕೊಳ್ಳುವವಳು. ನನಗೆ ಗೊತ್ತಿರುವ ವಿಧಾನ ಒಂದೇ, ಅದೂ ಹಲಸೂರಿನ ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಕಲಿಸಿದ್ದು. ಕಥೆ ಬಾಯಿಬಿಟ್ಟು ಹೇಳದ್ದನ್ನು ನಾವು ಊಹಿಸಿ ಹೇಳಿದರೆ ಅವರು ಸರಿ ಎನ್ನುತ್ತಿರಲಿಲ್ಲ, ತಪ್ಪು ಎಂದೂ ಎನ್ನುತ್ತಿರಲಿಲ್ಲ. “ಯಾವ ಸಾಲು ಹೇಳ್ತು? ಬೆರಳಿಡು” ಎನ್ನುತ್ತಿದ್ದರು. ಬೆರಳಿಡಲು ಸಾಲು ಸಿಗದಿದ್ದರೆ ಅದು ಊಹೆಯಲ್ಲ, ಹರಟೆ.

ಪರೀಕ್ಷೆಗೆ ಕೊಟ್ಟಿದ್ದ ಗದ್ಯ ಇಷ್ಟೇ: ‘ಇನ್ನೂ ಬೆಳಕು ಹರಿದಿರಲಿಲ್ಲ. ಮನೆಯ ದೀಪಗಳೆಲ್ಲ ಉರಿಯುತ್ತಿದ್ದವು. ಅಮ್ಮ ಮಕ್ಕಳನ್ನು ಎಬ್ಬಿಸಿ ಬಿಸಿ ಊಟ ಬಡಿಸಿದಳು. ಬೇಗ ಮುಗಿಸಿ, ಹೊತ್ತಾಯಿತು ಎಂದು ಅಪ್ಪ ಮತ್ತೆ ಮತ್ತೆ ಗಡಿಯಾರ ನೋಡಿದ. ಕೊನೆಗೆ ಎಲ್ಲರೂ ಹೊಟ್ಟೆ ತುಂಬ ನೀರು ಕುಡಿದರು.’ ಪ್ರಶ್ನೆ: ಇವರು ಇಷ್ಟು ಬೇಗ ಏಕೆ ಎದ್ದಿದ್ದಾರೆ? ಊಹಿಸಿ ಬರೆಯಿರಿ.

ಹುಡುಗಿ ಬರೆದಿದ್ದಳು: ‘ಅವರು ಉಪವಾಸ ಇರುತ್ತಾರೆ.’

ಮಿಸ್ ಬಳಿ ಇದ್ದ ಉತ್ತರ: ‘ಊರಿಗೆ ಹೋಗಲು.’

“ಕ್ಲಾಸಲ್ಲಿ ಜೋರಾಗಿ ಓದಿದ್ರು ಆಂಟಿ, ಎಲ್ಲಾ ನಕ್ಕರು” ಎಂದಳು. ಕಣ್ಣಲ್ಲಿ ನೀರಿರಲಿಲ್ಲ. ರಬ್ಬರನ್ನು ಉಗುರಿನಿಂದ ಚಿವುಟಿ ಚೂರು ಮಾಡುತ್ತಿದ್ದಳು.

“ಯಾವ ಸಾಲು ಹೇಳ್ತು ನಿಂಗೆ?”

ತಕ್ಷಣ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. “ನೀರು. ರಮ್ಜಾನಲ್ಲಿ ಬೆಳಗಾಗೋ ಮುಂಚೆ ಸಹರಿ ಊಟ ಆದ್ಮೇಲೆ ಅಮ್ಮಿ ನಮಗೆಲ್ಲ ನೀರು ಕುಡಿಸ್ತಾರೆ, ಸಂಜೆವರೆಗೂ ಇಲ್ವಲ್ಲ. ಊರಿಗೆ ಹೋಗೋರು ಅಷ್ಟು ನೀರು ಕುಡೀತಾರಾ ಆಂಟಿ? ಬಸ್ಸಲ್ಲಿ ಒಂದಕ್ಕೆ ಬಂದ್ರೆ?”

ನಾನು ನಕ್ಕುಬಿಟ್ಟೆ. ಮರುಕ್ಷಣವೇ ಮೈ ಉರಿಯಿತು. ಆ ಗದ್ಯದಲ್ಲಿ ಒಂದು ಚೀಲವಿಲ್ಲ, ಟಿಕೆಟ್ಟಿಲ್ಲ, ಹೊರಗೆ ನಿಂತ ಆಟೋ ಇಲ್ಲ. ಆದರೂ ಊರಿಗೆ ಹೋಗುವವರಂತೆ! ಅದನ್ನು ಬರೆದವರ ಮನೆಯಲ್ಲಿ ಕತ್ತಲಲ್ಲಿ ದೀಪ ಹಚ್ಚುವುದು ಪ್ರಯಾಣಕ್ಕೆ ಮಾತ್ರ ಇರಬಹುದು. ಅದು ಅವರ ಮನೆ. ಊರಿಗೆಲ್ಲ ಅದೊಂದೇ ಮನೆಯೇ?

ವಿಷಯ ತಿಳಿದ ಅವಳ ತಾಯಿ, ತೊಳೆದ ಡಬ್ಬಿ ವಾಪಸು ಕೊಡುವ ನೆಪದಲ್ಲಿ ಕೆಳಗೆ ಬಂದರು. “ಜಾನೇ ದೋ ಆಪಾ, ಬಿಟ್ಬಿಡಿ. ಎರಡು ಮಾರ್ಕಿಗೆ ಜಗಳ ಯಾಕೆ? ನಾಳೆಯಿಂದ ಮಿಸ್ ಹೇಳಿದ್ದೇ ಬರೀತಾಳೆ.”

ನನ್ನನ್ನು ಶಾಲೆಗೆ ಕಳಿಸಿದ್ದು ಆ ಕೊನೆಯ ಮಾತು.

ಸ್ಟಾಫ್ ರೂಮಿನಲ್ಲಿ ಮಿಸ್ ನನಗೆ ಕುರ್ಚಿ ಕೊಟ್ಟರು. ಚಿಕ್ಕ ವಯಸ್ಸು, ಮುಂದೆ ತಿದ್ದಬೇಕಾದ ಹಾಳೆಗಳ ರಾಶಿ. ಅವರನ್ನು ನೋಡಿದರೆ ಪಾಪ ಅನ್ನಿಸಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

“ಕೀ ಆನ್ಸರಲ್ಲಿ ಹಂಗೇ ಇದೆ ಮೇಡಂ, ನಾನೇನ್ ಮಾಡ್ಲಿ?”

“ಊರಿಗೆ ಅಂತ ಯಾವ ಸಾಲು ಹೇಳುತ್ತೆ, ಬೆರಳಿಟ್ಟು ತೋರಿಸಿ ಮಿಸ್.”

ಅವರು ಗದ್ಯವನ್ನು ಓದಿದರು. ಇನ್ನೊಮ್ಮೆ ಓದಿದರು. ಬೆರಳು ಗಡಿಯಾರದ ಹತ್ತಿರ ಹೋಗಿ, ನೀರಿನ ಹತ್ತಿರ ಬಂದು, ಮೇಜಿನ ಅಂಚಿಗೆ ಸರಿಯಿತು.

“ಸರಿ ಮೇಡಂ, ಆದ್ರೆ ಪರೀಕ್ಷೇಲಿ ಧರ್ಮ ಎಲ್ಲಾ ಯಾಕೆ ತರೋದು?”

ಸಿಟ್ಟು ಬಂದರೆ ನನ್ನ ಧ್ವನಿ ಏರುವುದಿಲ್ಲ, ತಗ್ಗುತ್ತದೆ. ಅದೂ ಕಾನ್ವೆಂಟಿನ ಅಭ್ಯಾಸವೇ. ತಗ್ಗಿದ ಧ್ವನಿಯಲ್ಲೇ, ಅದೇ ಹಾಳೆಯ ಹಿಂದಿನ ಪ್ರಶ್ನೆಯನ್ನು ಅವರಿಗೆ ಓದಿ ಹೇಳಿದೆ: ‘ಬಾಗಿಲಿಗೆ ಮಾವಿನ ತೋರಣ, ಒಳಗಿನಿಂದ ಹೂರಣದ ಪರಿಮಳ. ಮನೆಯಲ್ಲಿ ಏನು ವಿಶೇಷ?’ ಹುಡುಗಿ ‘ಹಬ್ಬ’ ಎಂದು ಬರೆದಿದ್ದಳು. ಪೂರ್ತಿ ಅಂಕ.

“ಇವಳ ಮನೆ ಬಾಗಿಲಿಗೆ ಯಾವತ್ತೂ ತೋರಣ ಕಟ್ಟಿಲ್ಲ ಮಿಸ್. ಯುಗಾದಿಗೆ ನಾನು ಮೇಲಕ್ಕೆ ಒಬ್ಬಟ್ಟು ಕಳಿಸ್ತೀನಿ, ಅದಕ್ಕೇ ಅವಳಿಗೆ ಗೊತ್ತು. ನಮ್ಮ ಮನೇದನ್ನ ಅವಳು ಊಹಿಸಿದ್ರೆ ಕನ್ನಡ, ಅವಳ ಮನೇದನ್ನ ಬರೆದ್ರೆ ಧರ್ಮವಾ?”

ಆಚೆ ಮೇಜಿನಲ್ಲಿ ಯಾರೋ ಟಿಫನ್ ಡಬ್ಬಿಯ ಮುಚ್ಚಳ ಹಾಕಿದ ಸದ್ದು ದೊಡ್ಡದಾಗಿ ಕೇಳಿತು.

“ಎರಡು ಮಾರ್ಕ್ ಹಾಕ್ಬಿಡ್ತೀನಿ, ಆಯ್ತಾ?”

“ಮಾರ್ಕಿಗೆ ಬಂದಿಲ್ಲ. ನಗಿಸಿದ್ದು ಕ್ಲಾಸಲ್ಲಿ. ಅವಳ ಉತ್ತರಾನೂ ಸರಿ ಅಂತ ಅಲ್ಲೇ ಹೇಳಿ.”

“ನೋಡೋಣ ಮೇಡಂ” ಎಂದರು.

ಎರಡು ದಿನದ ಮೇಲೆ ಹಾಳೆ ಬಂತು. ಸೊನ್ನೆಯನ್ನು ಹೊಡೆದು ಎರಡು ಮಾಡಿ, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದ್ದರು. “ಕ್ಲಾಸಲ್ಲಿ ಏನಂದ್ರು?” ಎಂದು ಕೇಳಿದೆ. “ಏನಿಲ್ಲ ಆಂಟಿ. ಬ್ಯಾಗಲ್ಲಿ ಇಟ್ಕೋ ಅಂದ್ರು.” ನಗಿಸಿದ್ದು ಎಲ್ಲರೆದುರು, ತಿದ್ದಿದ್ದು ಬ್ಯಾಗಿನೊಳಗೆ.

ಅವತ್ತು ಮಿಸ್ ಹೋಂವರ್ಕಿಗೆ ಕೊಟ್ಟದ್ದು ಒಬ್ಬ ಮುದುಕನ ಕಥೆ. ಹೊಸ ಚಪ್ಪಲಿ ಕೊಂಡವನು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಬರಿಗಾಲಲ್ಲಿ ಮನೆಗೆ ನಡೆಯುತ್ತಾನೆ. ಏಕೆ? ಹುಡುಗಿ ಓದಿ ಮುಗಿಸಿದಳು. ಪಿಸುಗುಟ್ಟಲಿಲ್ಲ. ಪುಟ ಬಿಟ್ಟು ನನ್ನ ಮುಖ ನೋಡತೊಡಗಿದಳು, ಉತ್ತರ ನನ್ನ ಹುಬ್ಬಿನಲ್ಲಿದೆ ಎಂಬಂತೆ. ನಾನು ಎದ್ದು, ಅವಳಿಗೆ ಬೆನ್ನು ಹಾಕಿ, ಹುರುಳಿಕಾಯಿ ಮುರಿಯುತ್ತ ನಿಂತೆ.

ತಿರುಗಿದಾಗ ಪುಸ್ತಕದಲ್ಲಿ ಎರಡು ಉತ್ತರಗಳಿದ್ದವು. ಮೇಲೆ ಪೆನ್ನಿನಲ್ಲಿ: ‘ಚಪ್ಪಲಿ ಹಾಳಾಗಬಾರದು ಎಂದು.’ ಕೆಳಗೆ ಕಂಡೂ ಕಾಣದಂತೆ ಪೆನ್ಸಿಲಿನಲ್ಲಿ: ‘ಚಪ್ಪಲಿ ಅವನಿಗಲ್ಲ. ಬೇರೆ ಯಾರಿಗೋ ಒಯ್ಯುತ್ತಿದ್ದಾನೆ.’

“ಇದು ಮಿಸ್‌ಗೆ, ಇದು ನಿಮಗೆ. ನಿಮ್ದು ಆಮೇಲೆ ಅಳಿಸ್ತೀನಿ.”

ಎರಡಕ್ಕೂ ಕಥೆಯಲ್ಲಿ ಸಾಲು ಇತ್ತು, ಅದು ಬೇರೆ ಮಾತು. ಆರನೇ ಕ್ಲಾಸಿನ ಮಗು ಅಳಿಸಲೆಂದೇ ಯೋಚಿಸುವುದನ್ನು ಕಲಿತಿತ್ತು. ಯಾರಿಗೆ ಎಷ್ಟು ಹೇಳಬೇಕೆಂದು ಅಳೆಯುವುದನ್ನು ಕಲಿತಿತ್ತು. ಓದು ಕಲಿಯಲೆಂದು ಕಳಿಸಿದ ಜಾಗ ಅವಳಿಗೆ ಕಲಿಸಿದ್ದು ಇದನ್ನು.

ಕೈಯಿಂದ ಪೆನ್ಸಿಲ್ ತೆಗೆದುಕೊಂಡು ಪೆನ್ನು ಕೊಟ್ಟೆ. “ಇದರ ಮೇಲೇ ತಿದ್ದು.”

“ಮತ್ತೆ ತಪ್ಪು ಹಾಕಿದ್ರೆ?”

“ಹಾಕ್ಲಿ. ಮತ್ತೆ ಹೋಗ್ತೀನಿ.”

ಮೆಟ್ಟಿಲ ಮೇಲಿಂದ ಅವಳ ತಾಯಿಯ ಧ್ವನಿ ಕೇಳಿಸಿತು: “ಯಾ ಅಲ್ಲಾ, ಮತ್ತೆ ಹೋಗ್ತಾರಂತೆ!”

ಹುಡುಗಿ ಪೆನ್ನು ಹಿಡಿದು ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಪಿಸುಗುಟ್ಟುತ್ತ, ‘ಚಪ್ಪಲಿ ಅವನಿಗಲ್ಲ’ ಎಂಬುದರ ಮೇಲೆ ಒಂದೊಂದೇ ಅಕ್ಷರ ತಿದ್ದಲು ಶುರುಮಾಡಿದಳು.